ಹಾಲಿನ ಪಂಪಿನ ವಾಶರು

ಶೀಲಾಳಿಗೆ ಏಳನೇ ತಿಂಗಳಿಗೇ ಹೆರಿಗೆಯಾಯಿತು. ಹೊಟ್ಟೆ ಕೊಯ್ದು ತೆಗೆದ ಗಂಡುಮಗುವನ್ನು ಶಿವಮೊಗ್ಗದ ನರ್ಸಿಂಗ್ ಹೋಮಿನವರು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡರು. ಹೊಲಿಗೆ ಬಿಚ್ಚಿದ ಮೇಲೆ ತಾಯಿಯನ್ನು ಮಾತ್ರ ಭದ್ರಾವತಿಗೆ ಕಳಿಸಿದರು. ಮಗುವಿನ ವಾರ್ಡಿನಲ್ಲಿ ತಾಯಂದಿರು ಉಳಿಯುವುದಕ್ಕೆ ಜಾಗವಿರಲಿಲ್ಲ. ಶೀಲಾಳ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಣ್ಣ ಶಿವರಾಮ ಬೆಂಗಳೂರಿನಲ್ಲಿ ಒಂದು ಔಷಧಿ ಅಂಗಡಿಯಲ್ಲಿದ್ದ. ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ಆಯಿತು.

"ಈ ಮಗು ಪುಡಿ ಹಾಲು ತಡೆಯಲ್ಲ," ಎಂದಿದ್ದರು ಡಾಕ್ಟರು. "ತಾಯಿ ಹಾಲು ಎಷ್ಟಾಗುತ್ತೋ ಅಷ್ಟು ತೆಗೆದು ದಿನಾ ಕಳಿಸಿ. ನಳಿಕೆಯಲ್ಲಿ ಹಾಕ್ತೀವಿ."

ಪಂಪು ಕೊಟ್ಟವಳು ಮೇಧಾ. ಶೀಲಾ ಪಾಠ ಮಾಡುತ್ತಿದ್ದ ಹೈಸ್ಕೂಲಿನಲ್ಲೇ ಅವಳೂ ಟೀಚರು. ತನ್ನ ಮಗಳು ಹುಟ್ಟಿದಾಗ ಬೆಂಗಳೂರಿನಲ್ಲಿ ಕೊಂಡಿದ್ದ ಕೈಪಂಪು ಅದು. ಎದೆಗೆ ಹಿಡಿಯುವ ಆಲಿಕೆ, ಒತ್ತುವ ಹಿಡಿ, ಕೆಳಗೆ ಸಣ್ಣ ಬಾಟಲು. ಮೇಧಾ ಮಂಚದ ಮೇಲೆ ಕೂತು ಒಂದೊಂದೇ ಭಾಗ ಬಿಚ್ಚಿ ತೋರಿಸಿದಳು. ಕೊನೆಗೆ ಆಲಿಕೆಯ ಬುಡದಿಂದ ತೆಳ್ಳಗಿನ ಒಂದು ಬಿಳಿ ಬಿಲ್ಲೆಯನ್ನು ಹೊರತೆಗೆದಳು.

"ಹಿಡಿ ಒತ್ತಿದಾಗ ಇದು ಮುಚ್ಕೊಳ್ಳುತ್ತೆ, ಬಿಟ್ಟಾಗ ತೆರ್ಕೊಳ್ಳುತ್ತೆ. ಇದನ್ನ ಉಗುರು ತಾಗಿಸ್ದೆ ತೊಳಿಬೇಕು ಮಾರಾಯ್ತಿ. ಇದು ಸವೆದ್ರೆ ಪಂಪು ಎಳೆಯೋದೇ ಇಲ್ಲ. ನನ್ನ ಹತ್ರ ಇನ್ನೊಂದಿತ್ತು, ಮನೆ ಬದಲಾಯಿಸುವಾಗ ಎಲ್ಲಿ ಹೋಯ್ತೋ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಶೇಷಮ್ಮ ಮೇಧಾ ಹೋಗುವವರೆಗೂ ಕಾದರು.

"ಹಸು ಕರೆದ ಹಾಗೆ ಕರೀತಾರಾ ಬಾಣಂತೀನ?" ಎಂದರು ಆಮೇಲೆ. "ನಾಲ್ಕು ಜನ ನೋಡೋ ಹಾಗೆ ಬಾಟ್ಲಲ್ಲಿ ಹಾಲು ತುಂಬಿಸಿ ಬಸ್ಸಲ್ಲಿ ಕಳಿಸಿದ್ರೆ ದೃಷ್ಟಿ ತಾಗಲ್ವಾ?"

"ಮತ್ತೆ ಮಗೂಗೆ ಏನು ಕೊಡೋದು ಅತ್ತೆ?"

ಶೇಷಮ್ಮ ಗೊಣಗುತ್ತ ಒಳಗೆ ಹೋದರು. ಆದರೆ ಸಂಜೆ ಅಡುಗೆಮನೆಯ ಅಟ್ಟದಿಂದ ಒಂದು ಹೊಸ ಸ್ಟೀಲ್ ಪಾತ್ರೆ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದರು. "ಇದರಲ್ಲಿ ಬೇರೆ ಏನೂ ಕಾಯಿಸ್ಬೇಡಿ. ಇದು ಅದಕ್ಕೇ," ಎಂದು ಮನೆಗೆಲ್ಲ ಕೇಳುವಂತೆ ಹೇಳಿದರು.

ಅಂದಿನಿಂದ ಮನೆಯ ಹೊತ್ತುಗಳೆಲ್ಲ ಪಂಪಿನ ಸುತ್ತಲೇ ತಿರುಗತೊಡಗಿದವು. ಶೀಲಾ ಹಾಲು ತೆಗೆದಾದ ಮೇಲೆ ಭಾಗಗಳನ್ನು ಬಿಚ್ಚಿ ತಣ್ಣೀರಲ್ಲಿ ಜಾಲಿಸಿ, ಸೋಪಿನ ನೀರಲ್ಲಿ ತೊಳೆಯುತ್ತಿದ್ದಳು. ಶೇಷಮ್ಮ ಅವನ್ನು ಕುದಿಸಿ, ಬಿಳಿ ಪಂಚೆಯ ತುಂಡಿನ ಮೇಲೆ ಹರವಿ, ಮೇಲೊಂದು ತೆಳುಬಟ್ಟೆ ಮುಚ್ಚುತ್ತಿದ್ದರು. ಬಾಣಂತಿಗೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಹುರಿದ ಮೆಣಸಿನ ಸಾರು, ಮೆಂತ್ಯದ ಗಂಜಿ ಹೊತ್ತುಹೊತ್ತಿಗೆ ಬರುತ್ತಿತ್ತು. ಬೇಡವೆಂದರೆ ಶೇಷಮ್ಮ ತಟ್ಟೆಯ ಮುಂದೆಯೇ ಕೂರುತ್ತಿದ್ದರು.

ಹಾಲು ಒಯ್ಯುವ ಕೆಲಸ ಮಾವ ಧರ್ಮಪ್ಪನವರದಾಯಿತು. ಶೀಲಾಳ ಗಂಡ ಹಾಲೇಶನಿಗೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಧರ್ಮಪ್ಪ ನಿವೃತ್ತರಾಗಿ ಮನೆಯಲ್ಲೇ ಇದ್ದರು. ಬೆಳಿಗ್ಗೆ ಪಕ್ಕದ ಮನೆಯ ಫ್ರಿಜ್ಜಿನಿಂದ ಐಸು ತಂದು ಅಗಲಬಾಯಿಯ ಫ್ಲಾಸ್ಕಿಗೆ ತುಂಬಿ, ನಡುವೆ ಬಾಟಲು ನಿಲ್ಲಿಸಿ, ಶಿವಮೊಗ್ಗದ ಬಸ್ಸು ಹತ್ತುತ್ತಿದ್ದರು. ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ನಿಂತುಕೊಂಡು ಹೋದರೆ ಯಾರಾದರೂ ತಳ್ಳುತ್ತಾರೆಂದು ಅವರಿಗೆ ಭಯ.

ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಪುಟ್ಟಲಕ್ಷ್ಮಿ ಬಾಟಲು ತೆಗೆದುಕೊಂಡು ಹಿಂದಿನ ದಿನದ ಖಾಲಿ ಬಾಟಲನ್ನು ಕೊಡುತ್ತಿದ್ದಳು. ಧರ್ಮಪ್ಪ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಮೊಮ್ಮಗನನ್ನು ನೋಡಿ ಬರುತ್ತಿದ್ದರು. ಮನೆಗೆ ಬಂದ ಕೂಡಲೇ ಶೀಲಾ ಕೇಳುತ್ತಿದ್ದಳು, "ಹೇಗಿದಾನೆ ಮಾವ?"

"ಕಾಲು ಒದೀತಿದಾನೆ. ಕೈಯಲ್ಲಿ ಆ ನಳಿಕೆ ಕಿತ್ತಾಕೋಕೆ ನೋಡ್ತಾನಂತೆ. ಸಿಸ್ಟರ್ ಬೈಯ್ತಿದ್ದಳು."

"ತೂಕ?"

"ಏರಿದೆಯಂತೆ. ನಿನ್ನ ಹಾಲು ಚೆನ್ನಾಗಿ ಹಿಡಿಸ್ತಿದೆ ಅಂದ್ಳು."

ಆ ಮಾತು ಬಂದ ದಿನ ಶೀಲಾ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಳು.

ಹೀಗೆ ಕೆಲವು ವಾರ ಕಳೆದಿರಬಹುದು. ಹಾಲು ಕಡಿಮೆಯಾಗತೊಡಗಿತು. ಮೊದಲು ಬಾಟಲಿನ ಕುತ್ತಿಗೆಯವರೆಗೆ ಬರುತ್ತಿದ್ದುದು ಅರ್ಧಕ್ಕೆ ಇಳಿಯಿತು. ಆಮೇಲೆ ಹಿಡಿ ಒತ್ತಿ ಒತ್ತಿ ಮಣಿಕಟ್ಟು ನೋವು ಬಂದರೂ ತಳ ಮುಚ್ಚುವಷ್ಟು ಮಾತ್ರ. ಎದೆ ಮಾತ್ರ ಕಲ್ಲಿನಂತೆ ಗಟ್ಟಿಯಾಗಿ ಜ್ವರ ಬಂದ ಹಾಗಾಗುತ್ತಿತ್ತು.

"ಗಂಜಿ ಅರ್ಧ ಬಿಡ್ತೀಯ, ಹಾಲು ಎಲ್ಲಿಂದ ಬರಬೇಕು?" ಎಂದರು ಶೇಷಮ್ಮ ಊಟದ ಹೊತ್ತಿನಲ್ಲಿ. "ಹಗಲೆಲ್ಲ ಅಳ್ತಾ ಕೂತ್ರೆ ಇದ್ದದ್ದೂ ಬತ್ತುತ್ತೆ. ನಾನು ಮೊದಲೇ ಹೇಳಿದ್ದೆ, ಈ ಮಿಷನ್ನು ಬೇಡ ಅಂತ."

"ಬತ್ತಿದ್ರೆ ಎದೆ ಯಾಕೆ ಇಷ್ಟು ಕಟ್ಕೊಳ್ಳುತ್ತೆ ಅತ್ತೆ?"

"ನನ್ನೇನು ಕೇಳ್ತೀಯ? ಓದಿದವಳು ನೀನು."

ಹಾಲೇಶ ತಟ್ಟೆಯಿಂದ ತಲೆಯೆತ್ತಿದ. "ಅಮ್ಮ, ಊಟ ಮಾಡುವಾಗ ಬೇಡ."

"ಮತ್ಯಾವಾಗ? ಆ ಮಗು ಅಲ್ಲಿ ಹಸ್ಕೊಂಡಿರೋದು ನಿನಗೆ ಕಾಣಲ್ವಾ?"

ಶೀಲಾ ಎದ್ದು ಒಳಗೆ ಹೋದಳು. ಪಂಪಿನ ಭಾಗಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಿಳಿ ಬಿಲ್ಲೆಯ ಒಂದು ಅಂಚು ಸುರುಳಿಯಾಗಿ ಮೇಲೆದ್ದಿತ್ತು. ನಡುವೆ ಕೂದಲೆಳೆಯಂಥ ಸೀಳು. ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದಳು.

"ನೋಡಿ, ಹಾಲು ಬತ್ತಿಲ್ಲ. ಇದು ಹರಿದಿದೆ."

ಆ ದಿನವೇ ಹಾಲೇಶ ಭದ್ರಾವತಿಯ ಮೆಡಿಕಲ್ ಅಂಗಡಿಗಳನ್ನೆಲ್ಲ ಸುತ್ತಿದ. ಮರುದಿನ ಶಿಫ್ಟು ಬಿಟ್ಟು ಶಿವಮೊಗ್ಗದಲ್ಲಿ ದುರ್ಗಿಗುಡಿಯಿಂದ ಗೋಪಾಳದವರೆಗೆ ಕೇಳಿದ. ಕೆಲವರು ರಬ್ಬರ್ ಚೆಂಡಿನ ಗಾಜಿನ ಪಂಪು ತೋರಿಸಿದರು. ಡಾಕ್ಟರು ಅದು ಬೇಡವೆಂದಿದ್ದರು, ಒಳಗೆ ತೊಳೆಯಲು ಬರುವುದಿಲ್ಲವೆಂದು. ಬಿಡಿ ಭಾಗ ಬೇಕೆಂದರೆ ಅಂಗಡಿಯವರು ನಕ್ಕರು. ಕೊನೆಗೆ ಎಸ್‌ಟಿಡಿ ಬೂತಿನಿಂದ ಶಿವರಾಮನಿಗೆ ಫೋನು ಮಾಡಿದ. ಅವನು ಹುಡುಕಿ ಕೊರಿಯರ್ ಮಾಡುತ್ತೇನೆಂದ.

ಅಲ್ಲಿಯವರೆಗೆ ಶೀಲಾ ಕೈಯಲ್ಲೇ ಹಿಂಡಿದಳು. ಚರ್ಮ ಕೆಂಪಾಗಿ ಸುಲಿಯಿತು. ಶೇಷಮ್ಮ ಬಿಸಿನೀರಿನ ಬಟ್ಟೆ ಒತ್ತುತ್ತ, "ಸಾಕು ಬಿಡು, ಸಾಕು ಬಿಡು," ಎನ್ನುತ್ತಿದ್ದರು. ಬರುತ್ತಿದ್ದುದು ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಒಂದೆರಡರಷ್ಟು.

ಧರ್ಮಪ್ಪ ಆ ಹರಿದ ಬಿಲ್ಲೆಯನ್ನು ಬೆರಳ ತುದಿಯಲ್ಲಿ ತಿರುವಿ ನೋಡಿದರು.

"ಇದು ವಾಶರು ತಾನೇ? ಇಂಥದನ್ನ ನಾನು ಎಷ್ಟು ಕತ್ತರಿಸಿಲ್ಲ."

ಸೈಕಲ್ ಅಂಗಡಿಗೆ ಹೋಗಿ ಹೊಸ ಟ್ಯೂಬು ತಂದರು. ಹಳೆಯ ಬಿಲ್ಲೆಯನ್ನು ಅದರ ಮೇಲಿಟ್ಟು ಗುರುತು ಹಾಕಿ, ಹೊಸ ಬ್ಲೇಡಿನಿಂದ ಕತ್ತರಿಸಿದರು. ಒಂದು ದಪ್ಪವಾಯಿತು, ಒಂದು ಓರೆಯಾಯಿತು. ಮೂರನೆಯದನ್ನು ಉಜ್ಜುಕಾಗದದಿಂದ ತೆಳ್ಳಗೆ ಮಾಡಿ, ಸೋಪಿನಲ್ಲಿ ತೊಳೆದು, ಶೇಷಮ್ಮನ ಪಾತ್ರೆಯಲ್ಲಿ ಕುದಿಸಿದರು. ಅದು ಸರಿಯಾಗಿ ಕೂತಿತು. ಶೀಲಾ ಹಿಡಿ ಒತ್ತಿದಾಗ ಮೊದಲಿಗಿಂತ ಜೋರಾಗಿ ಎಳೆಯಿತು. ಬಾಟಲು ತುಂಬಿತು.

ಶೀಲಾ ಬಾಟಲನ್ನು ಮೂಗಿನ ಹತ್ತಿರ ಹಿಡಿದಳು. "ಏನೋ ಸ್ವಲ್ಪ ವಾಸನೆ ಇದೆಯಾ ಅತ್ತೆ?"

ಶೇಷಮ್ಮನೂ ಮೂಸಿದರು. "ನನಗೇನೂ ಗೊತ್ತಾಗಲ್ಲ ಕಣೇ. ಬೆಳ್ಳುಳ್ಳಿ ತಿಂದಿದ್ದೀಯಲ್ಲ."

ತುಂಬಿದ ಬಾಟಲು ನೋಡಿದ ಮನೆಯವರಿಗೆ ಅನುಮಾನಪಡುವ ಮನಸ್ಸಿರಲಿಲ್ಲ. ಧರ್ಮಪ್ಪ ಅಂದು ಒಗೆದ ಅಂಗಿ ಹಾಕಿಕೊಂಡು ಬಸ್ಸಿಗೆ ಹೋದರು. ವಾರ್ಡಿನ ಬಾಗಿಲಲ್ಲಿ ಬಾಟಲು ಕೊಟ್ಟು, ಮಗುವನ್ನು ನೋಡಿ ಬಂದರು.

ಮರುದಿನ ಹಾಲು ಒಯ್ದಾಗ ಪುಟ್ಟಲಕ್ಷ್ಮಿ ಅವರನ್ನು ಪಕ್ಕಕ್ಕೆ ಕರೆದಳು.

"ಅಜ್ಜಾರೇ, ನಿನ್ನೆ ಹಾಲಲ್ಲಿ ರಬ್ಬರಿನ ವಾಸನೆ ಇತ್ತಲ್ಲ, ಏನು ಮಾಡಿದ್ರಿ?"

ಧರ್ಮಪ್ಪ ತಾವು ಮಾಡಿದ್ದನ್ನು ವಿವರಿಸಿದರು. ಅವಳು ಬೈಯಲಿಲ್ಲ. "ಹಾಗೆಲ್ಲ ಮಾಡ್ಬಾರದು. ಇವೆಲ್ಲ ಬಹಳ ಎಳೇ ಮಕ್ಕಳು. ಆ ತುಂಡು ತೆಗೆದುಬಿಡಿ," ಎಂದಷ್ಟೇ ಹೇಳಿ ಅಂದಿನ ಬಾಟಲನ್ನು ಹಿಂದಕ್ಕೆ ಕೊಟ್ಟಳು. ಧರ್ಮಪ್ಪ ಮತ್ತೇನೂ ಕೇಳಲಿಲ್ಲ. ಮನೆಗೆ ಬಂದು ಫ್ಲಾಸ್ಕನ್ನು ಮೇಜಿನ ಮೇಲಿಟ್ಟರು.

"ಬೇಡವಂತಮ್ಮ. ವಾಸನೆ ಬರುತ್ತಂತೆ."

ಅದರ ಮರುದಿನವೇ ಬೆಂಗಳೂರಿನಿಂದ ಕೊರಿಯರ್ ಬಂತು. ಒಳಗೆ ಎರಡು ಬಿಳಿ ಬಿಲ್ಲೆಗಳು, ಜೊತೆಗೆ ಹಿಡಿಯ ಅಡಿಯಲ್ಲಿ ಗಾಳಿ ಎಳೆಯುವ ಬಟ್ಟಲೂ ಹೊಸದೊಂದು. ಹೊಸ ಬಿಲ್ಲೆ ಹಾಕಿದಾಗ ಪಂಪು ಹಗುರವಾಗಿ ಎಳೆಯಿತು. ಹಾಲು ಎಳೆಯೆಳೆಯಾಗಿ ಹರಿದು ಬಂತು. ಎರಡು ದಿನ ಬಿಟ್ಟು ಹಾಲೇಶ ಹೆಂಡತಿಯನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋದ. ಪುಟ್ಟಲಕ್ಷ್ಮಿ ಮಗುವನ್ನು ನಳಿಕೆ ಸಮೇತ ತಂದು ಶೀಲಾಳ ಎದೆಯ ಮೇಲೆ ಮಲಗಿಸಿ, ಮೇಲೆ ಟವೆಲು ಹೊದಿಸಿದಳು. ಮಗು ಕೈ ಬಿಚ್ಚಿ ಅಮ್ಮನ ಕುತ್ತಿಗೆಯ ಮೇಲಿಟ್ಟಿತು. ಶೀಲಾ ಉಸಿರಾಡಲೂ ಹೆದರಿ ಕೂತಿದ್ದಳು.

"ಇನ್ನೊಂದಿಷ್ಟು ದಿನ," ಎಂದಳು ಪುಟ್ಟಲಕ್ಷ್ಮಿ. "ಆಮೇಲೆ ಬಾಯಿಂದಲೇ ಕುಡಿಯೋಕೆ ಕಲಿಸೋಣ."

ಆ ವಾರವೇ ಮಗುವಿಗೆ ಜ್ವರ ಬಂತು. ಹೊಟ್ಟೆ ಉಬ್ಬಿತು. ರಕ್ತಕ್ಕೆ ನಂಜೇರಿದೆ ಎಂದರು ಡಾಕ್ಟರು; ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಹೀಗಾಗುವುದುಂಟು, ಯಾರ ಕೈಯಲ್ಲೂ ಇಲ್ಲ ಎಂದರು. ಹೆಸರಿಡುವ ಮೊದಲೇ ಮಗು ಹೋಯಿತು. ಹಾಲೇಶ ಬಿಳಿ ಬಟ್ಟೆಯಲ್ಲಿ ಸುತ್ತಿದ ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ಭದ್ರಾ ಹೊಳೆಯ ಕಡೆಯ ಮಣ್ಣಿನಲ್ಲಿ ಇಟ್ಟು ಬಂದರು. ಶೀಲಾಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ.

ಹಾಲು ಮಾತ್ರ ನಿಲ್ಲಲಿಲ್ಲ. ಪಕ್ಕದ ಮನೆಯಲ್ಲಿ ಮಗು ಅತ್ತರೂ ಸೆರಗು ನೆನೆಯುತ್ತಿತ್ತು. ಎದೆ ಬಿಗಿದಾಗ ನೋವು ತಗ್ಗುವಷ್ಟು ಮಾತ್ರ ತೆಗೆಯಿರಿ, ಪೂರ್ತಿ ತೆಗೆಯಬೇಡಿ ಎಂದಿದ್ದರು ಡಾಕ್ಟರು. ಶೀಲಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪಂಪು ಒತ್ತಿ, ಬಂದದ್ದನ್ನು ಬಚ್ಚಲಿಗೇ ಸುರಿದು ನೀರು ಹೊಯ್ಯುತ್ತಿದ್ದಳು. ಆಮೇಲೂ ಭಾಗಗಳನ್ನು ಹಿಂದಿನಂತೆಯೇ ಬಿಚ್ಚಿ, ತೊಳೆದು, ಪಂಚೆಯ ತುಂಡಿನ ಮೇಲೆ ಹರವುತ್ತಿದ್ದಳು. ಶೇಷಮ್ಮ ಅದನ್ನು ನೋಡಿ ಹೂವಿನಂಗಡಿಗೆ ಹೋಗಿ ಮಲ್ಲಿಗೆಯ ದಂಡೆಗಳನ್ನು ತಂದರು.

"ಇದನ್ನ ಎದೆಗೆ ಕಟ್ಕೊ. ನಮ್ಮ ಕಡೆ ಹಾಲು ಇಂಗೋಕೆ ಇದನ್ನೇ ಕಟ್ಟೋದು." ಬೆನ್ನ ಹಿಂದೆ ದಾರದ ಗಂಟು ತಾವೇ ಹಾಕಿದರು. "ನನ್ನ ಮೊದಲನೇದು ಹೋದಾಗ ನಮ್ಮತ್ತೆ ನನಗೆ ಕಟ್ಟಿದ್ದು. ನಾನು ಯಾರಿಗೂ ಹೇಳಿಲ್ಲ ಅದನ್ನ."

ಹೂವಿನ ವಾಸನೆ ಶೀಲಾಳಿಗೆ ಸೇರುತ್ತಿರಲಿಲ್ಲ. ಆದರೂ ಬಿಚ್ಚಲಿಲ್ಲ.

ಕೆಲವು ದಿನಗಳ ಮೇಲೆ ಪಂಪು ಒತ್ತಬೇಕಾಗಿ ಬರಲಿಲ್ಲ. ಅವಳು ಅದನ್ನು ಕೊನೆಯ ಸಲ ಕುದಿಸಿ ಒಣಗಿಸಿ ಮೇಧಾಳ ಮನೆಗೆ ಕೊಟ್ಟು ಬಂದಳು. "ಹೊಸ ಬಿಲ್ಲೆ ಹಾಕಿದೀನಿ. ಇನ್ನೊಂದನ್ನ ಚೀಟಿ ಅಂಟಿಸಿ ಬೇರೆ ಇಟ್ಟಿದೀನಿ, ಕಳೀಬೇಡ," ಎಂದಳು. ಮೇಧಾ ಅವಳ ಕೈ ಹಿಡಿದುಕೊಂಡಳು.

ಜಗಳವಾದದ್ದು ಒಂದು ಮಧ್ಯಾಹ್ನ, ಊಟ ಬಡಿಸುವಾಗ. ಶೀಲಾ ಮುದ್ದೆ ಮುರಿದು ಹಾಗೇ ಕೂತಿದ್ದಳು.

"ತಿನ್ನು," ಎಂದರು ಶೇಷಮ್ಮ. "ಬಾಣಂತಿ ಮೈ ಹೀಗೆ ಬಿಟ್ರೆ ನಾಳೆ ಇನ್ನೊಂದು ಮಗು ಹೇಗಾಗುತ್ತೆ?"

"ಅವಳ ಪಾಡಿಗೆ ಬಿಡೇ ಅವಳನ್ನ," ಎಂದರು ಧರ್ಮಪ್ಪ.

ಶೇಷಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಗಂಡನ ಕಡೆ ತಿರುಗಿದರು. "ನೀವು ಮಾತಾಡ್ಬೇಡಿ. ಸೈಕಲ್ ಟ್ಯೂಬು ಕುಯ್ದು ಹಾಕಿ ಹಸುಗೂಸಿಗೆ ಕುಡಿಸಿದವರು ನೀವು."

ಹಾಲೇಶ, "ಅಮ್ಮ," ಎಂದ. ಧರ್ಮಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಶೇಷಮ್ಮನಿಗೂ ತಾವು ಏನಂದೆವೆಂದು ಆಗಲೇ ತಿಳಿದಿರಬೇಕು. ಗಂಡನ ಹಿಂದೆ ಬಾಗಿಲವರೆಗೆ ಹೋಗಿ ಮತ್ತೆ ಬಂದು ಒಲೆಯ ಮುಂದೆ ಕೂತರು.

ಅಂದಿನಿಂದ ಧರ್ಮಪ್ಪ ಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ಬೆಳಿಗ್ಗೆ ಹೊರಗೆ ಹೋದರೆ ಸಂಜೆ ಬರುವರು. ಕೇಳಿದರೆ, "ಹೋಟ್ಲಲ್ಲಿ ತಿಂದೆ," ಎನ್ನುವರು. ತಿಂದಿಲ್ಲವೆಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಶೇಷಮ್ಮ ಒಂದು ಸಲ ತಟ್ಟೆ ತೆಗೆದುಕೊಂಡು ಹೋಗಿ ಜಗಲಿಯಲ್ಲಿ ಅವರ ಪಕ್ಕ ಇಟ್ಟರು. "ಬಾಯಿ ತಪ್ಪಿ ಬಂತು. ಏಳಿ, ಊಟ ಮಾಡಿ."

"ನೀನು ಸುಳ್ಳೇನೂ ಹೇಳಿಲ್ಲ," ಎಂದರು ಧರ್ಮಪ್ಪ.

ತಟ್ಟೆಯಲ್ಲಿ ಇರುವೆ ಮುತ್ತಿತು.

ಶೀಲಾಳಿಗೂ ಆ ಯೋಚನೆ ಬಂದಿರಲಿಲ್ಲವೆಂದಲ್ಲ. ವಾಸನೆ ಇದೆಯಾ ಎಂದು ಕೇಳಿದವಳೇ ಅವಳು. ಕೇಳಿಯೂ ಬಾಟಲಿಗೆ ಮುಚ್ಚಳ ಹಾಕಿದವಳೂ ಅವಳೇ. ಒಂದು ಸಂಜೆ ಬಟ್ಟೆ ಮಡಚುತ್ತಿದ್ದಾಗ ಹಾಲೇಶನಿಗೆ ಹೇಳಿದಳು:

"ನಾಳೆ ಮಾವನ್ನ ಕರ್ಕೊಂಡು ಶಿವಮೊಗ್ಗಕ್ಕೆ ಹೋಗ್ತೀನಿ. ಆವತ್ತಿನ ಹಾಲು ಮಗೂಗೆ ಕೊಟ್ರಾ ಇಲ್ವಾ ಅಂತ ಸಿಸ್ಟರನ್ನ ಕೇಳ್ತೀನಿ."

ಹಾಲೇಶ ಕೈಯಲ್ಲಿದ್ದ ಅಂಗಿ ಕೆಳಗಿಟ್ಟ. "ಕೊಟ್ವಿ ಅಂದ್ಬಿಟ್ರೆ?"

"ಅಂದ್ರೆ ಅಂದ್ರು."

"ಅಪ್ಪ ಉಳಿಯಲ್ಲ ಶೀಲಾ. ಬೇಡ. ದಿನ ಕಳೆದ ಹಾಗೆ ಎಲ್ಲಾ ಸರಿಹೋಗುತ್ತೆ."

"ಏನು ಸರಿಹೋಗುತ್ತೆ ರೀ? ಅವರು ನನ್ನ ಮುಖ ನೋಡ್ತಿಲ್ಲ. ನಾನೂ ಅವರ ಮುಖ ನೋಡೋಕಾಗ್ತಿಲ್ಲ. ಗೊತ್ತಿಲ್ಲದೆ ಒಂದೇ ಮನೇಲಿ ಇರೋಕೆ ನನ್ನ ಕೈಲಾಗಲ್ಲ."

ಬೆಳಿಗ್ಗೆ, ಆಸ್ಪತ್ರೆಯಲ್ಲಿ ಒಂದು ಕಾಗದ ತರಬೇಕು, ಜೊತೆಗೆ ಬನ್ನಿ ಮಾವ ಎಂದು ಕರೆದಳು. ಧರ್ಮಪ್ಪ ಬಂದರು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವರ ಎರಡೂ ಕೈ ತೊಡೆಯ ಮೇಲೆ, ಏನನ್ನೋ ಹಿಡಿದುಕೊಂಡ ಹಾಗೆ, ಸುಮ್ಮನೆ ಅರ್ಧ ಮಡಚಿಕೊಂಡಿದ್ದವು. ಶಿವಮೊಗ್ಗ ಹತ್ತಿರವಾದಾಗ ಕೇಳಿದರು, "ಕಾಗದ ಏನೂ ಇಲ್ಲ, ಅಲ್ವಾ?"

"ಇಲ್ಲ ಮಾವ."

ಅವರು ತಲೆಯಾಡಿಸಿ ಕಿಟಕಿಯ ಆಚೆ ನೋಡಿದರು. ಇಳಿಯುತ್ತೇನೆಂದು ಮಾತ್ರ ಹೇಳಲಿಲ್ಲ.

ಪುಟ್ಟಲಕ್ಷ್ಮಿ ಅವರನ್ನು ಕಂಡ ಕೂಡಲೇ ಕೈಯಲ್ಲಿದ್ದ ಟ್ರೇ ಇಟ್ಟು ಬಂದಳು. ಶೀಲಾ ಸುತ್ತುಬಳಸದೆ ಕೇಳಿದಳು. ಕೇಳುವಾಗ ಗೋಡೆಗೆ ಕೈ ಆನಿಸಿಕೊಂಡಿದ್ದಳು.

"ಆ ಹಾಲಾ?" ಎಂದಳು ಪುಟ್ಟಲಕ್ಷ್ಮಿ. "ಮುಚ್ಚಳ ತೆಗೆದ ತಕ್ಷಣ ವಾಸನೆ ಬಂತು. ಸಿಂಕಿಗೆ ಚೆಲ್ಲಿದೆ. ಮಗೂಗೆ ಒಂದು ಹನಿನೂ ಕೊಟ್ಟಿಲ್ಲ. ಆವತ್ತು ಡ್ರಿಪ್ಪಿನಲ್ಲೇ ಇಟ್ಟಿದ್ವಿ."

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ ಸಿಸ್ಟರ್?" ಧರ್ಮಪ್ಪ ಒಂದು ಹೆಜ್ಜೆ ಮುಂದೆ ಬಂದರು.

"ವಾಸನೆ ಬಂದ ಹಾಲು ಕೊಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು ಅಜ್ಜಾರೇ. ನಾವು ಇಲ್ಲಿ ನೋಡ್ದೇ ಏನೂ ಕೊಡಲ್ಲ."

"ಹಾಗಾದ್ರೆ ನನಗ್ಯಾಕೆ ಹೇಳಲಿಲ್ಲ?"

ಪುಟ್ಟಲಕ್ಷ್ಮಿ ಅವರ ಕೈಗಳನ್ನು ನೋಡಿದಳು. "ದಿನಾ ಅಷ್ಟು ದೂರದಿಂದ ಎದೆಗೊತ್ಕೊಂಡು ತರ್ತಿದ್ರಿ. ಚೆಲ್ಲಿದೆ ಅಂತ ಹೇಳೋಕೆ ಬಾಯಿ ಬರಲಿಲ್ಲ."

ಧರ್ಮಪ್ಪ ಕೇಳಿದರು, "ಯಾವ ಸಿಂಕು?"

ಅವಳು ತೋರಿಸಿದಳು. ವಾರ್ಡಿನ ಹೊರಗಿನ ಕೋಣೆಯ ಮೂಲೆಯಲ್ಲಿ ಒಂದು ಸಾಧಾರಣ ಬಿಳಿ ಸಿಂಕು. ಅಂಚಿನಲ್ಲಿ ಸೋಪಿನ ಡಬ್ಬಿ. ಧರ್ಮಪ್ಪ ಅದರ ಮುಂದೆ ನಿಂತರು. ಬಗ್ಗಿ ನೀರು ಹೋಗುವ ತೂತನ್ನು ನೋಡಿದರು. ನಲ್ಲಿ ತಿರುಗಿಸಿ, ನೀರು ಹರಿದು ಹೋಗುವುದನ್ನು ನೋಡಿ, ಮತ್ತೆ ನಿಲ್ಲಿಸಿದರು. ಆಮೇಲೆ ಸಿಂಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದರು. ಮಗು ಹೋದ ದಿನ ಅವರು ಅತ್ತಿರಲಿಲ್ಲ. ಶೀಲಾ ಅವರ ಹಿಂದೆ ನಿಂತಿದ್ದಳು. ಅಳು ಮುಗಿಯುವವರೆಗೆ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದಳು.

ಹೊರಗೆ ಬಂದಾಗ ಬಿಸಿಲೇರಿತ್ತು. "ಏನಾದ್ರೂ ತಿನ್ನೋಣ ಮಾವ," ಎಂದಳು. ಬಸ್‌ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಎದುರುಬದುರು ಕೂತರು. ಊಟದ ತಟ್ಟೆ ಬಂತು. ಧರ್ಮಪ್ಪ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಇನ್ನೊಂದು ತುತ್ತು ತಿಂದರು.

"ಅತ್ತೆಗೆ ನೀವೇ ಹೇಳಿ ಮಾವ," ಎಂದಳು ಶೀಲಾ. "ಅವರೂ ಸರಿಯಾಗಿ ಉಂಡು ಎಷ್ಟು ದಿನ ಆಯ್ತೋ."

"ಹೇಳ್ತೀನಿ."

ಪಕ್ಕದ ಮೇಜಿಗೆ ಹಳ್ಳಿಯ ಕಡೆಯ ಒಂದು ಸಂಸಾರ ಬಂದು ಕೂತಿತು. ತಾಯಿಯ ಮಡಿಲಲ್ಲಿದ್ದ ಕೂಸು ಕಣ್ಣು ಬಿಟ್ಟು ಒಮ್ಮೆಲೇ ಅಳತೊಡಗಿತು. ಶೀಲಾಳ ಕೈ ತಟ್ಟೆಯ ಮೇಲೆ ನಿಂತುಹೋಯಿತು. ಬತ್ತಿತೆಂದುಕೊಂಡಿದ್ದ ಎದೆ ಚುರುಗುಟ್ಟಿ ರವಿಕೆಯ ಮುಂದೆ ಒದ್ದೆ ಹರಡಿತು. ಅವಳು ಸೆರಗೆಳೆದುಕೊಂಡಳು; ತೆಳುವಾದ ಸೆರಗೂ ನೆನೆಯಿತು. ಹೋಟೆಲಿನ ತುಂಬ ಜನ. ಅವಳು ತಲೆ ತಗ್ಗಿಸಿ ಕೂತುಬಿಟ್ಟಳು.

ಧರ್ಮಪ್ಪ ಅವಳ ಕಡೆ ನೋಡಲಿಲ್ಲ. ಹೆಗಲ ಮೇಲಿದ್ದ ಟವೆಲು ತೆಗೆದು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು. ಆಮೇಲೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಪಕ್ಕದ ಮೇಜಿನವರಿಗೆ ಅವಳು ಕಾಣದ ಹಾಗೆ, ಅಡ್ಡವಾಗಿ ಕೂತು ರಸ್ತೆಯ ಕಡೆ ಮುಖ ಮಾಡಿದರು.

"ನಿಧಾನವಾಗಿ ಊಟ ಮಾಡಮ್ಮ," ಎಂದರು. "ಬಸ್ಸಿಗೇನು, ಇನ್ನೊಂದು ಬರುತ್ತೆ."